ಮಗಳ ಮೂತ್ರ ಅರಿಶಿನ ಹಳದಿ, ಬಾಳೆಹಣ್ಣಿನ ತಿರುಳು ಕಿತ್ತಳೆ: ಪೊನ್ಪೇಯ ಅಜ್ಜಿ ಹೇಳಿದ್ದು ನಿಜವೇ?

ಕುಸುಮಾ_ಪೊನ್ಪೇ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಪೀಠಿಕೆ ಉದ್ದ. ಸೈರಿಸಿಕೊಳ್ಳಿ.

ನಮ್ಮವರು ಮೀನಿನ ಕೋಲ್ಡ್ ಸ್ಟೋರೇಜಿನ ಯಂತ್ರ ನೋಡಿಕೊಳ್ಳುವ ಕೆಲಸಕ್ಕೆ ಪೊನ್ಪೇಗೆ ಬಂದರು, ಅವರ ಬೆನ್ನಿಗೇ ನಾನೂ ಮಗಳೂ ಬಂದೆವು. ಹನ್ನೊಂದು ತಿಂಗಳಾಯಿತು. ಇದು ಎಲ್ಲಿದೆ ಎಂದು ನನ್ನಮ್ಮ ಇನ್ನೂ ಕೇಳುತ್ತಾಳೆ. ಪೆಸಿಫಿಕ್ ಸಾಗರದ ನಡುವೆ ಮೈಕ್ರೊನೇಷ್ಯಾ ಒಕ್ಕೂಟ ಅಂತ ಒಂದು ದೇಶ. ಯಾಪ್, ಚೂಕ್, ಪೊನ್ಪೇ, ಕೊಸ್ರೇ ಎಂದು ನಾಲ್ಕು ರಾಜ್ಯ. ದುಡ್ಡು ಅಮೆರಿಕದ ಡಾಲರ್, ಅಂಗಡಿಯ ಸಾಮಾನಿನಲ್ಲಿ ಮುಕ್ಕಾಲು ಪಾಲು ಹಡಗಿನಲ್ಲಿ ಬಂದದ್ದು. ಮಳೆ ಎಷ್ಟೆಂದರೆ ಆಗುಂಬೆಯವರೂ ಕೊಡೆ ಮಡಚಿ ಕೈಮುಗಿಯಬೇಕು.

ನಮ್ಮ ಬಾಡಿಗೆ ಮನೆಯ ಹಿಂದೆ ಒಬ್ಬರು ಅಜ್ಜಿ ಇದ್ದಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಮೊಮ್ಮಗಳು ನಮ್ಮಿಬ್ಬರ ನಡುವಿನ ದುಭಾಷಿ. ಮಗಳಿಗೆ ಒಂದೂಮುಕ್ಕಾಲು ವರ್ಷ. ಅಂಗಡಿಯ ಹಳದಿ ಬಾಳೆಹಣ್ಣು ತಿನ್ನಿಸುತ್ತಿದ್ದುದನ್ನು ಆ ಅಜ್ಜಿ ಒಂದು ದಿನ ನೋಡಿದರು. ಏನೂ ಹೇಳಲಿಲ್ಲ. ಮರುದಿನ ತೆಂಗಿನ ಗರಿಯ ಬುಟ್ಟಿಯಲ್ಲಿ ಆರು ಗಿಡ್ಡ, ದಪ್ಪ ಹಣ್ಣು ಬಂತು. ಹೆಸರು ಕರತ್. ಸಿಪ್ಪೆ ಬಿಡಿಸಿದರೆ ಒಳಗೆ ಬಿಳಿಯಲ್ಲ, ಕುಂಬಳಕಾಯಿಯ ಒಳಮೈ ಬಣ್ಣ! ಆಮೇಲೆ ಅವರ ಹಿತ್ತಲಿಗೆ ಹೋಗಿ ಗಿಡ ನೋಡಿದೆ. ಗೊನೆ ನಮ್ಮ ಬಾಳೆಯ ಹಾಗೆ ನೆಲಕ್ಕೆ ಬಾಗಿಲ್ಲ, ಆಕಾಶ ನೋಡುತ್ತ ನೆಟ್ಟಗೆ ನಿಂತಿದೆ. ಎಲೆದಂಟು ಕಡಿದರೆ ಬರುವ ಸೊನೆ ನೇರಳೆಗೆಂಪು. ಬಾಳೆಯನ್ನು ಹುಟ್ಟಿದಾಗಿನಿಂದ ನೋಡಿದ ನನಗೆ ಇದು ಬಾಳೆಯೇ ಹೌದೋ ಎಂದು ಅನುಮಾನ ಬಂತು.

ಮಗಳು ಬಾಯಿ ಚಪ್ಪರಿಸಿ ತಿಂದಳು. ಮೂರನೇ ದಿನ ಡೈಪರ್ ನೋಡಿ ನನ್ನ ಎದೆ ಧಸಕ್ಕೆಂದಿತು. ಮೂತ್ರ ಅರಿಶಿನದ ನೀರಿನ ಹಾಗೆ. ಕಾಮಾಲೆ ಎಂದೇ ಲೆಕ್ಕ ಹಾಕಿ ಅವಳನ್ನು ಎತ್ತಿಕೊಂಡು ಒಂದು ಕ್ಲಿನಿಕ್ಕಿಗೆ ಓಡಿದೆ. ಅಲ್ಲಿದ್ದವರು ಮಗುವಿನ ಮುಖವನ್ನೂ ಸರಿಯಾಗಿ ನೋಡದೆ, ಈ ಹಳ್ಳಿ ಹಣ್ಣೆಲ್ಲ ಬಿಟ್ಟುಬಿಡಿ, ಡಬ್ಬಿಯ ಸೀರಿಯಲ್ ಕೊಡಿ, ಈ ವಿಟಮಿನ್ ಡ್ರಾಪ್ಸ್ ಹಾಕಿ ಎಂದು ಚೀಟಿ ಬರೆದು ಕಳಿಸಿದರು. ಅಜ್ಜಿಗೆ ಸಂಗತಿ ತಿಳಿದಾಗ ಅವರು ನಕ್ಕ ನಗು ರಸ್ತೆಯವರೆಗೆ ಕೇಳಿರಬೇಕು. "ಕರತ್ ತಿಂದರೆ ಹಾಗೇ ಆಗುವುದು. ನಮ್ಮ ಮಕ್ಕಳಿಗೆಲ್ಲ ಮೊದಲ ತುತ್ತು ಅದೇ. ಕಣ್ಣಿಗೂ ಒಳ್ಳೆಯದು, ಮೈಗೂ ಒಳ್ಳೆಯದು" ಎಂದು ಮೊಮ್ಮಗಳ ಬಾಯಲ್ಲಿ ಹೇಳಿಸಿದರು.

ಈಗ ನನ್ನ ಪ್ರಶ್ನೆ. ಅಜ್ಜಿಯ ಮಾತಿಗೆ ಆಧಾರ ಇದೆಯೋ, ಅಥವಾ ಪ್ರತಿ ಊರಿಗೂ ಇರುವ 'ನಮ್ಮದೇ ಶ್ರೇಷ್ಠ' ಎಂಬ ಅಭಿಮಾನವೋ? ಇನ್ನೊಂದು. ನಮ್ಮವರ ಸಕ್ಕರೆ ಅಂಚಿನಲ್ಲಿದೆ. ಇಲ್ಲಿ ಜೀಗುಜ್ಜೆ ಮರದ ತುಂಬ (ಬ್ರೆಡ್‌ಫ್ರೂಟ್, ಇಲ್ಲಿನವರು ಮಾಹಿ ಅಂತಾರೆ), ಆಳೆತ್ತರದ ಕೆಸು, ತೊಡೆಗಾತ್ರದ ತೂಣಗೆಣಸು. ಅವರು ಇದನ್ನೆಲ್ಲ ತಿನ್ನಬಹುದಾ, ಅನ್ನಕ್ಕೇ ಅಂಟಿಕೊಳ್ಳಬೇಕಾ? ತಿಳಿದವರು ಹೇಳಿ. ವಾಟ್ಸಾಪ್ ಫಾರ್ವರ್ಡ್ ಬೇಡ, ಅದು ನನ್ನ ಚಿಕ್ಕಪ್ಪನಿಂದ ದಿನಕ್ಕೆ ಹತ್ತು ಬರುತ್ತದೆ.

ಪಥ್ಯದಕ್ಕ:

ಕುಸುಮಾ ಅವರೇ, ಮೊದಲು ಮಗುವಿನ ಕಣ್ಣಿನ ಬಿಳಿಭಾಗ ನೋಡಿ. ಅದು ಹಳದಿಯಾಗಿದ್ದರೆ, ಮಲ ಬೂದು ಬಣ್ಣಕ್ಕೆ ತಿರುಗಿದ್ದರೆ, ಮಗು ಸೋತು ಮಲಗಿದ್ದರೆ ಇಲ್ಲಿ ಓದುವುದು ಬಿಟ್ಟು ಬೇರೆ ವೈದ್ಯರ ಹತ್ತಿರ ಹೋಗಿ. ಕಣ್ಣು ಬೆಳ್ಳಗಿದ್ದು, ಆಟ ಊಟ ಎಂದಿನಂತೆ ಇದ್ದರೆ ಗಾಬರಿ ಬೇಡ. ಕರತ್ ತಿಂದವರ ಮೂತ್ರ ಹಳದಿಯಾಗುವುದು ಆ ದ್ವೀಪದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಹಣ್ಣಿನಲ್ಲಿ ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವ, ಬಾಳೆಹಣ್ಣಿನ ಮಟ್ಟಿಗೆ ವಿಪರೀತ ಹೆಚ್ಚು. ದೇಹಕ್ಕೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ಮರುದಿನ ನಮಗೂ ಇದೇ ಬಣ್ಣ ಕಾಣುತ್ತದಲ್ಲ, ಹಾಗೆ.

ಇನ್ನು ಅಜ್ಜಿಯ 'ಕಣ್ಣಿಗೆ ಒಳ್ಳೆಯದು'. ಇದು ಬರೀ ಅಭಿಮಾನದ ಮಾತಲ್ಲ, ಲ್ಯಾಬಿನಲ್ಲಿ ಅಳೆದು ನೋಡಿದ ವಿಷಯ. ನೀವಿರುವ ದ್ವೀಪದಲ್ಲೇ ಲೋಯಿಸ್ ಇಂಗಲ್‌ಬರ್ಗರ್ ಎಂಬ ಪೌಷ್ಟಿಕಾಂಶ ತಜ್ಞೆ ವರ್ಷಗಟ್ಟಲೆ ಇದನ್ನೇ ಕೆಲಸ ಮಾಡಿಕೊಂಡಿದ್ದರು, 2011ರಲ್ಲಿ ತೀರಿಕೊಂಡರು. 1990ರ ದಶಕದಲ್ಲಿ ಪೊನ್ಪೇಯ ಪುಟ್ಟ ಮಕ್ಕಳ ರಕ್ತ ಪರೀಕ್ಷೆ ಮಾಡಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಎ ಜೀವಸತ್ವದ ಕೊರತೆ ಕಂಡಿತ್ತು. ಸುತ್ತ ಹಸಿರು, ಹಣ್ಣು, ಮೀನು, ಅದರ ನಡುವೆ ಇರುಳುಗಣ್ಣು ಬರುವ ಕೊರತೆ! ಸೊಪ್ಪು ಬೆಳೆಸಿ ಎಂದು ಸರ್ಕಾರದವರು ಹೇಳಿದರೆ ಜನ 'ಅದು ಹಂದಿ ತಿನ್ನುವುದು' ಎಂದು ಮೂಗು ಮುರಿಯುತ್ತಿದ್ದರಂತೆ. ಆಗ ಆಕೆ ಜನ ಈಗಾಗಲೇ ಇಷ್ಟಪಟ್ಟು ತಿನ್ನುವ ಪದಾರ್ಥಗಳಲ್ಲಿ ಏನಿದೆ ಎಂದು ನೋಡಹೊರಟರು. ಬಾಳೆಯ ತಳಿಗಳನ್ನು ಒಂದೊಂದಾಗಿ ಪರೀಕ್ಷೆಗೆ ಕಳಿಸಿದರು.

ಬಂದ ಅಂಕಿ ನೋಡಿ. ಅಂಗಡಿಯಲ್ಲಿ ಸಿಗುವ ಹಳದಿ ಬಾಳೆ ಕ್ಯಾವೆಂಡಿಶ್‌ನಲ್ಲಿ 100 ಗ್ರಾಮಿಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಸುಮಾರು 20 ಮೈಕ್ರೊಗ್ರಾಂ. ಕರತ್‌ನಲ್ಲಿ 2,230ರವರೆಗೆ. ಉತಿನ್ ಯಾಪ್ ಎಂಬ ಇನ್ನೊಂದು ತಳಿಯಲ್ಲಿ 8,500 ದಾಟಿತು. ದೇಹ ಊಟದ ಬೀಟಾ ಕ್ಯಾರೊಟಿನ್‌ನ 12 ಪಾಲನ್ನು 1 ಪಾಲು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ ಎಂಬುದು ಈಗ ಬಳಕೆಯಲ್ಲಿರುವ ಲೆಕ್ಕ. ನಿಮ್ಮ ಮಗಳ ವಯಸ್ಸಿಗೆ ಅಮೆರಿಕದವರ ಮಾನದಂಡದಲ್ಲಿ ದಿನಕ್ಕೆ 300 ಮೈಕ್ರೊಗ್ರಾಂ ಎ ಬೇಕು. ಒಳ್ಳೆಯ ಬಣ್ಣದ ಕರತ್ 160 ಗ್ರಾಮಿನಷ್ಟು ಸಾಕು. ಅಷ್ಟನ್ನೇ ಅಂಗಡಿಯ ಬಾಳೆಹಣ್ಣಿನಿಂದ ಪಡೆಯಲು ಹೊರಟರೆ ಮಗು ದಿನಕ್ಕೆ ಹದಿನೆಂಟು ಕಿಲೋ ತಿನ್ನಬೇಕು. ಉತಿನ್ ಯಾಪ್ ಆದರೆ 100 ಗ್ರಾಂ ನಿಮ್ಮ ಇಡೀ ದಿನದ 700 ಮೈಕ್ರೊಗ್ರಾಮನ್ನು ಮುಗಿಸಿಬಿಡುತ್ತದೆ.

ಆದ್ದರಿಂದ ನಾನು ರೋಗಿಗಳಿಗೂ ಹೇಳುವುದು ಇದನ್ನೇ: 'ಬಾಳೆಹಣ್ಣಿನಲ್ಲಿ ಇಷ್ಟು ಪೋಷಕಾಂಶ' ಎಂದು ಬರೆದ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಯಾವ ಬಾಳೆ ಎಂದು ಮೊದಲು ಕೇಳಿ. ತಿರುಳಿನ ಬಣ್ಣ ಗಾಢವಾದಷ್ಟೂ ಕ್ಯಾರೊಟಿನ್ ಹೆಚ್ಚು ಎಂಬುದು ಈ ಹಣ್ಣುಗಳ ಮಟ್ಟಿಗೆ ನಂಬಬಹುದಾದ ಗುರುತು. ನಿಮ್ಮ ಕಣ್ಣೇ ಲ್ಯಾಬು.

ಒಂದೆರಡು ಎಚ್ಚರಿಕೆ. ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥದ್ದು, ಜೊತೆಗೆ ಚೂರು ಕಾಯಿಹಾಲೋ ಎಣ್ಣೆಯೋ ಇದ್ದರೆ ಮೈಗೆ ಹತ್ತುತ್ತದೆ. ಹೊಟ್ಟೆಯಲ್ಲಿ ಜಂತುಹುಳ ಇದ್ದರೆ ಹತ್ತುವುದು ಕಡಿಮೆ. ಅಂಗೈ ಅಂಗಾಲು ಸ್ವಲ್ಪ ಹಳದಿಯಾದರೂ ಕಣ್ಣು ಬೆಳ್ಳಗಿದ್ದರೆ ಅದು ಕ್ಯಾರೊಟಿನ್ ಬಣ್ಣ, ತಿನ್ನುವುದು ಕಡಿಮೆ ಮಾಡಿದರೆ ಇಳಿಯುತ್ತದೆ. ಕ್ಯಾರೊಟಿನ್ ಹೆಚ್ಚಾದರೆ ವಿಷವಾಗುವುದಿಲ್ಲ, ದೇಹ ಬೇಕಾದಷ್ಟನ್ನೇ ಪರಿವರ್ತಿಸಿಕೊಳ್ಳುತ್ತದೆ. ಡ್ರಾಪ್ಸ್‌ನಲ್ಲಿರುವ ತಯಾರಾದ ಎ ಜೀವಸತ್ವ ಹಾಗಲ್ಲ, ಅದು ಹೆಚ್ಚಾದರೆ ತೊಂದರೆ ಕೊಡುತ್ತದೆ. ಅದಕ್ಕೇ ಆ ಚೀಟಿಯನ್ನು ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ಆರೋಗ್ಯ ಇಲಾಖೆಯವರು ಆರು ತಿಂಗಳಿಗೊಮ್ಮೆ ಕೊಡುವ ಎ ಜೀವಸತ್ವದ ಡೋಸ್ ಬೇರೆ ವಿಷಯ. ಬಾಳೆಹಣ್ಣು ಕೊಡುತ್ತೇವೆಂದು ಅದನ್ನು ತಪ್ಪಿಸಬೇಡಿ.

ಸಕ್ಕರೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಡ್ಯೂಟಿಗೆ ಹೊತ್ತಾಯಿತು.

ಶಂಕೆರಾಯ:

ಅಕ್ಕ ಚೆನ್ನಾಗಿ ಹೇಳಿದ್ದಾರೆ, ಆದರೂ ಒಂದು ಕೊಂಕು. ಇಂಥದ್ದೆಲ್ಲ ಓದಿದ ಮೇಲೆ ಆರು ತಿಂಗಳಿಗೆ 'ಪೆಸಿಫಿಕ್ ಸೂಪರ್ ಬಾಳೆ ಪುಡಿ' ಅಂತ ಡಬ್ಬಿ ಮಾರಾಟಕ್ಕೆ ಬರುತ್ತದೆ, ನೋಡುತ್ತಿರಿ. ಸಾಂಪ್ರದಾಯಿಕ ಅಂದ ಮಾತ್ರಕ್ಕೆ ಒಳ್ಳೆಯದೇ? ಆ ದ್ವೀಪದವರು ತೆಂಗಿನಕಾಯಿಯನ್ನು ನೀರಿನ ಹಾಗೆ ಬಳಸುತ್ತಾರೆ. ಅಷ್ಟೊಂದು ಸ್ಯಾಚುರೇಟೆಡ್ ಕೊಬ್ಬು ಹೃದಯಕ್ಕೆ ಒಳ್ಳೆಯದು ಅಂತೀರಾ? ಮತ್ತೆ ಅದೇ ದ್ವೀಪಗಳಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು ಲೋಕಪ್ರಸಿದ್ಧ. ಅಷ್ಟು ಒಳ್ಳೆಯ ಊಟ ಇದ್ದೂ ಅದು ಹೇಗೆ ಬಂತು?

ಹಡಗಿನ_ಭಟ್ರು:

ರಾಯರೇ, ಕೊನೆಯ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ, ಯಾಕೆಂದರೆ ಆ ಕಾಯಿಲೆಯ ಸಾಮಾನನ್ನು ಹೊತ್ತು ಹಾಕಿದವರಲ್ಲಿ ನಾನೂ ಒಬ್ಬ. ಹತ್ತೊಂಬತ್ತು ವರ್ಷ ಸರಕು ಹಡಗಿನ ಎಂಜಿನ್ ರೂಮಿನಲ್ಲಿದ್ದೆ, ಅದರಲ್ಲಿ ನಾಲ್ಕು ವರ್ಷ ಪೆಸಿಫಿಕ್ ದ್ವೀಪಗಳ ಓಡಾಟ. ಕಂಟೇನರಿನಲ್ಲಿ ಇರುತ್ತಿದ್ದದ್ದು ಬಿಳಿ ಅಕ್ಕಿ, ಮೈದಾ, ಸಕ್ಕರೆ, ಡಬ್ಬಿ ಮಾಂಸ, ರೇಮೆನ್ ನೂಡಲ್ಸ್, ಟರ್ಕಿ ಕೋಳಿಯ ಬಾಲ. ಬಾಲ ಅಂದರೆ ಅಮೆರಿಕದವರು ತಾವು ತಿನ್ನದೆ ಕತ್ತರಿಸಿ ಬಿಸಾಡುವ ಕೊಬ್ಬಿನ ತುಂಡು. ಸಮೋವಾ ದೇಶ 2007ರಲ್ಲಿ ಅದರ ಆಮದನ್ನೇ ನಿಷೇಧಿಸಿತ್ತು. ಮುಂದೆ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರುವಾಗ ಆ ನಿಷೇಧವನ್ನು ಬಿಡಬೇಕಾಯಿತು. ನನಗೆ ಇವತ್ತಿಗೂ ನುಂಗಲಾಗದ ಸಂಗತಿ ಅದು.

ನೌರು ಅಂತ ಒಂದು ದ್ವೀಪ. ಫಾಸ್ಫೇಟ್ ಅಗೆದು ಮಾರಿ ದುಡ್ಡು ಮಾಡಿದರು, ಅಗೆದ ನೆಲದಲ್ಲಿ ಬೆಳೆಯಲು ಏನೂ ಉಳಿಯಲಿಲ್ಲ, ಊಟವೆಲ್ಲ ಹಡಗಿನಿಂದಲೇ. ಪಾಲ್ ಝಿಮೆಟ್ ಎಂಬ ಆಸ್ಟ್ರೇಲಿಯಾದ ವೈದ್ಯ 1975ರಲ್ಲಿ ಅಲ್ಲಿ ಪರೀಕ್ಷೆ ಮಾಡಿದಾಗ ವಯಸ್ಕರಲ್ಲಿ ಮೂರರಲ್ಲೊಬ್ಬರಿಗೆ ಸಕ್ಕರೆ ಕಾಯಿಲೆ. ಇದಕ್ಕೆ ಜೀಗುಜ್ಜೆ ಗೆಣಸು ಕಾರಣ ಅನ್ನುವುದು ಹೇಗೆ?

ಅದಕ್ಕೆ ತದ್ವಿರುದ್ಧ ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪ. 1990ರ ಆಸುಪಾಸಿನಲ್ಲಿ ಸ್ಟಾಫನ್ ಲಿಂಡೆಬರ್ಗ್ ಎಂಬ ಸ್ವೀಡನ್ನಿನ ವೈದ್ಯ ಹೋಗಿ ನೋಡಿದರೆ ಜನ ಗೆಣಸು, ಕೆಸುವಿನ ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿ ತಿಂದುಕೊಂಡಿದ್ದಾರೆ. ಬೀಡಿ ಸಿಗರೇಟು ಬಹುಪಾಲು ಮಂದಿಗೆ ಉಂಟು. ಆದರೂ ಲಕ್ವ, ಹೃದಯಾಘಾತದ ಸುಳಿವಿಲ್ಲ, ಬೊಜ್ಜು ಇಲ್ಲ. ಅವರು ದಿನವಿಡೀ ತೋಟದಲ್ಲಿ ದುಡಿಯುವವರು, ಉಪ್ಪೂ ಕಡಿಮೆ, ಅದು ಬೇರೆ. ಊಟ ಒಂದೇ ಕಾರಣ ಅಂತ ನಾನು ವಾದಿಸುವುದಿಲ್ಲ.

ತೆಂಗಿನ ವಿಷಯಕ್ಕೆ ಪೆಸಿಫಿಕ್‌ನದೇ ಟೊಕೆಲಾವ್ ದ್ವೀಪ ನೋಡಿ. 1981ರಲ್ಲಿ ಇಯಾನ್ ಪ್ರಯರ್ ಮತ್ತು ಸಂಗಡಿಗರು ಬರೆದ ಪ್ರಕಾರ ಅಲ್ಲಿನವರ ಊಟದ ಶಕ್ತಿಯಲ್ಲಿ 63 ಪ್ರತಿಶತ ತೆಂಗಿನಕಾಯಿಯಿಂದಲೇ. ಪುಕಾಪುಕಾ ದ್ವೀಪದಲ್ಲಿ 34. ತೆಂಗು ಹೆಚ್ಚು ತಿನ್ನುವ ಟೊಕೆಲಾವಿನವರ ಕೊಲೆಸ್ಟರಾಲ್ ಹೆಚ್ಚೇ ಇತ್ತು, ನಿಮ್ಮ ಮಾತು ಅಷ್ಟರಮಟ್ಟಿಗೆ ಸರಿ. ಆದರೆ ಎರಡೂ ಕಡೆ ರಕ್ತನಾಳದ ಕಾಯಿಲೆ ಅಪರೂಪ. ಅವರ ಊಟದಲ್ಲಿ ಸಕ್ಕರೆ ಕಡಿಮೆ, ಮೀನು ಧಾರಾಳ. ನಾವು ಕುರ್ಚಿಯಲ್ಲಿ ಕುಳಿತು ಹೋಳಿಗೆಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು 'ಟೊಕೆಲಾವಿನವರು ತಿನ್ನೋದಿಲ್ವಾ' ಅನ್ನುವ ಹಾಗಿಲ್ಲ.

ನನ್ನ ಕಣ್ಣಾರೆ ಕಂಡದ್ದು ಕಿರಿಬಾಸ್ ದೇಶ. ಅದರ ತರಾವಾ ದ್ವೀಪದಲ್ಲಿ ಹಡಗು ಕೆಟ್ಟು ಐದು ವಾರ ನಿಂತೆವು. ಅದು ಪೊನ್ಪೇಯ ಹಾಗೆ ಬೆಟ್ಟದ ದ್ವೀಪವಲ್ಲ, ಹವಳದ ಪಟ್ಟಿ. ಮಣ್ಣೇ ಇಲ್ಲ, ಬರೀ ಮರಳು. ಅಲ್ಲಿ ಕೆಸು ಬೆಳೆಯುವುದನ್ನು ನೋಡಬೇಕು ನೀವು! ಮರಳಿನಡಿಯ ಸಿಹಿನೀರು ಸಿಗುವವರೆಗೆ ಗುಂಡಿ ತೋಡಿ, ಅದರೊಳಗೆ ಗಿಡ ನೆಟ್ಟು, ಒಣಗಿದ ಎಲೆಯ ಗೊಬ್ಬರ ಸುತ್ತಲೂ ಕಟ್ಟುತ್ತಾರೆ. ಬಬಾಯ್ ಎಂದು ಹೆಸರು, ಪೊನ್ಪೇಯಲ್ಲಿ ಅದನ್ನೇ ಮ್ವಾಂಗ್ ಅನ್ನುವುದು. ಗೆಡ್ಡೆ ದೊಡ್ಡದಾಗಲು ವರ್ಷಗಳೇ ಬೇಕು. ಅಲೆ ಉಕ್ಕಿ ಒಮ್ಮೆ ಉಪ್ಪುನೀರು ಗುಂಡಿಗೆ ಬಿತ್ತೋ, ಅಷ್ಟು ವರ್ಷದ ಶ್ರಮ ಹೋಯಿತು. ಯಾರ ಮನೆಯ ಗುಂಡಿಯಲ್ಲಿ ಎಷ್ಟು ದೊಡ್ಡ ಗೆಡ್ಡೆ ಎಂಬುದು ಅಲ್ಲಿ ಮರ್ಯಾದೆಯ ಪ್ರಶ್ನೆ.

ಕೇದಗೆಯ ಬಳಗದ ಮುಂಡುಗದ ಹಣ್ಣನ್ನು ನಮ್ಮಲ್ಲಿ ಯಾರೂ ಮೂಸುವುದಿಲ್ಲ, ಎಲೆಯಲ್ಲಿ ಮೂಡೆ ಕಟ್ಟಿ ಮುಗಿಸುತ್ತೇವೆ. ಅಲ್ಲಿ ಅದೇ ಜಾತಿಯ ದೊಡ್ಡ ಹಣ್ಣಿನ ತೊಳೆ ಬಿಡಿಸಿ ಬುಡವನ್ನು ಕಬ್ಬಿನ ಹಾಗೆ ಜಗಿದು ಹೀರುತ್ತಾರೆ. ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿ ನನಗೆ ಎರಡು ದಿನ ಅದೇ ಕೆಲಸ. ಕಿತ್ತಳೆ ಬಣ್ಣದ ತಳಿಗಳಲ್ಲಿ ಇದೇ ಕ್ಯಾರೊಟಿನ್ ಸಮೃದ್ಧಿ. ಬೇಯಿಸಿ ಅರೆದು, ಬಿಸಿಲಲ್ಲಿ ಹಾಳೆಯಾಗಿ ಒಣಗಿಸಿ ಇಡುತ್ತಾರೆ, ತುವಾಯೆ ಅಂತ. ನಮ್ಮ ಮಾಂಬಳವೇ ಸೈ. ತೆಂಗಿನ ಹೊಂಬಾಳೆಯಿಂದ ಇಳಿಸಿದ ತಾಜಾ ರಸ ಇನ್ನೊಂದು. ಹಣ್ಣು ತರಕಾರಿ ಬೆಳೆಯದ ಹವಳದ ದ್ವೀಪದಲ್ಲಿ ಸಿ ಜೀವಸತ್ವಕ್ಕೆ ಅದು ದೊಡ್ಡ ಆಸರೆ. ಕಾಯಿಸಿ ಜೋನಿಬೆಲ್ಲ ಮಾಡಿದರೆ ರುಚಿ ಬಲು ಚಂದ, ಆದರೆ ಬಿಸಿಗೆ ಸಿ ಹೋಗಿ ಉಳಿಯುವುದು ಸಕ್ಕರೆ. ಹಾಗೇ ಬಿಟ್ಟು ಹುಳಿ ಬಂದದ್ದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಮನೆಯವರು ಓದುತ್ತಾರೆ.

ಶಂಕೆರಾಯ:

ಭಟ್ರೇ, ಟೊಕೆಲಾವ್ ಗೊತ್ತಿರಲಿಲ್ಲ. ಕೊಂಕು ಅರ್ಧ ವಾಪಸ್.

ಕುಸುಮಾ_ಪೊನ್ಪೇ:

ಪಥ್ಯದಕ್ಕ, ಕಣ್ಣು ಹಾಲಿನ ಹಾಗೆ ಬೆಳ್ಳಗಿದೆ. ಟಾರ್ಚು ಬಿಟ್ಟು ನೋಡಿದ್ದಕ್ಕೆ ಮಗಳು ನನ್ನ ಮೂಗಿಗೇ ಗುದ್ದಿದಳು, ಅಂದರೆ ಆರೋಗ್ಯವಾಗಿದ್ದಾಳೆ. ಡ್ರಾಪ್ಸ್ ನಿಲ್ಲಿಸಿಲ್ಲ, ಇನ್ನೊಬ್ಬರು ಮಕ್ಕಳ ವೈದ್ಯೆಗೆ ಚೀಟಿ ತೋರಿಸಿದೆ. ಡೋಸ್ ಕಡಿಮೆಯೇ ಇದೆ, ಶೀಶೆ ಮುಗಿಯುವವರೆಗೆ ಹಾಕಿ ಸಾಕು ಎಂದರು. ಕರತ್ ಬಿಡಬೇಡಿ ಎಂದೂ ಹೇಳಿದರು.

ಭಟ್ರು ಹೇಳಿದ ಕಂಟೇನರಿನ ಕತೆ ಇಲ್ಲಿ ಕಣ್ಣೆದುರಿಗೇ ಇದೆ. ಶಾಲೆ ಬಿಟ್ಟ ಮಕ್ಕಳು ನೂಡಲ್ಸನ್ನು ಬೇಯಿಸುವುದಿಲ್ಲ, ಪ್ಯಾಕೆಟ್ ಒಡೆದು ಸಿಹಿ ಶರಬತ್ತಿನ ಪುಡಿ ಉದುರಿಸಿ ಹಸಿಯಾಗಿಯೇ ಕುರುಕುತ್ತಾರೆ. ಅನ್ನದ ರೂಢಿ ಜಪಾನಿನವರ ಕಾಲದಲ್ಲಿ (1914ರಿಂದ ಎರಡನೇ ಮಹಾಯುದ್ಧದವರೆಗೆ ಅವರದೇ ಆಡಳಿತ) ಬೇರು ಬಿಟ್ಟಿತಂತೆ. ಆಮೇಲೆ ಅಮೆರಿಕದವರ ಶಾಲೆಯೂಟದಲ್ಲಿ ಅಕ್ಕಿ ಬಂತು. ಅಜ್ಜಿಯ ಮಕ್ಕಳ ಕಾಲಕ್ಕೆ ಅನ್ನವೇ ಊಟ.

ನನಗೆ ನಾಚಿಕೆಯಾದ ಒಂದು ಸಂಗತಿ ಹೇಳಬೇಕು. ಕಳೆದ ತಿಂಗಳು ಅಜ್ಜಿಯ ಮನೆಗೆ ನಮ್ಮನ್ನು ಊಟಕ್ಕೆ ಕರೆದರು. ಹಿತ್ತಲಲ್ಲಿ ಅಷ್ಟೆಲ್ಲ ಬೆಳೆದಿರುವಾಗ ತಟ್ಟೆಯಲ್ಲಿ ಇದ್ದದ್ದು ಬಿಳಿ ಅನ್ನ, ಡಬ್ಬಿ ಮೀನು, ಅಂಗಡಿಯ ಕೇಕು. ಯಾಕೆ ಎಂದು ಮೊಮ್ಮಗಳ ಹತ್ತಿರ ಕೇಳಿದೆ. 'ನೀವು ಹೊರಗಿನವರು, ನಿಮಗೆ ಗೆಡ್ಡೆ ಬಡಿಸಿದರೆ ಇವರ ಕೈಯಲ್ಲಿ ದುಡ್ಡಿಲ್ಲ ಅಂದುಕೊಳ್ಳುತ್ತೀರಿ ಎಂದು ಅಜ್ಜಿಗೆ ಭಯ' ಎಂದಳು. ಅಜ್ಜಿಗೆ ಆ ಭಯ ಹುಟ್ಟಿದ್ದಕ್ಕೆ ನಾನೂ ಕಾರಣ. ಬಂದ ಹೊಸದರಲ್ಲಿ ಅವರು ಕೊಟ್ಟ ಬೇಯಿಸಿದ ಮ್ವಾಂಗನ್ನು ಬಾಯಿ ತುರಿಸೀತು ಎಂದು ಮುಟ್ಟದೆ ವಾಪಸ್ ಕಳಿಸಿದ್ದೆ. ಬಾಳಂತನಕ್ಕೆ, ನೆಂಟರಿಗೆ ಎಂದೆಲ್ಲ ಪತ್ರೊಡೆ ಮಾಡುವ ಮನೆಯ ಹುಡುಗಿ ನಾನು!

ಅದಕ್ಕೆ ಪ್ರಾಯಶ್ಚಿತ್ತವಾಗಿ ಮೊನ್ನೆ ಕರತ್ ಕಿವುಚಿ ಬನ್ಸ್ ಮಾಡಿದೆ. ಮೈದಾ, ಕಿವುಚಿದ ಹಣ್ಣು, ಮೊಸರು, ಜೀರಿಗೆ, ಚಿಟಿಕೆ ಸೋಡಾ, ಎಂದಿನ ಹಾಗೇ ರಾತ್ರಿ ಕಲಸಿಟ್ಟೆ. ಸಕ್ಕರೆ ಹಾಕಲೇ ಇಲ್ಲ, ಬೇಕಾಗಲಿಲ್ಲ. ಎಣ್ಣೆಗೆ ಬಿಟ್ಟಾಗ ಕೇಸರಿ ಹಾಕಿದ ಹಾಗೆ ಬಣ್ಣ. ಒಂದು ತಟ್ಟೆ ಹಿಡಿದು ಹೋದೆ. ಅಜ್ಜಿ ಒಂದು ಮುರಿದು ಒಳಗೆ ನೋಡಿ, ಮೂಸಿ, "ಕರತ್?" ಎಂದು ಕೇಳಿದರು. ಹೂಂ ಅಂದೆ. ಎರಡು ತಿಂದರು. (ಕರಿದದ್ದು, ಮೈದಾದ್ದು ಅಂತ ಪಥ್ಯದಕ್ಕ ಬೈಯುತ್ತಾರೆ, ಗೊತ್ತು.) ಮರುದಿನ ಅವರ ಮನೆಯಿಂದ ಕಾಯಿಹಾಲಿನಲ್ಲಿ ಬೆಂದ ಜೀಗುಜ್ಜೆ, ಹಳದಿ ಮ್ವಾಂಗ್, ಸುಟ್ಟ ಮೀನು ಬಂತು. ಈ ಸಲ ತಟ್ಟೆ ತೊಳೆದು ಕೊಟ್ಟೆ. ಬಾಯಿ ತುರಿಸಲಿಲ್ಲ, ಚೆನ್ನಾಗಿ ಬೆಂದಿತ್ತು.

ಈಗ ನಮ್ಮವರ ಸಕ್ಕರೆಯ ಲೆಕ್ಕ ಹೇಳಿ, ಅವರು ಜೀಗುಜ್ಜೆ ಪೋಡಿ (ಬಜ್ಜಿ) ಎಂದು ಹಟ ಹಿಡಿದು ಕೂತಿದ್ದಾರೆ.

ಪಥ್ಯದಕ್ಕ:

ಬನ್ಸಿಗೆ ಬೈಯುವುದಿಲ್ಲ. ಆ ಎಣ್ಣೆಯಿಂದ ಕ್ಯಾರೊಟಿನ್ ಮೈಗೆ ಹತ್ತುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ. ಪೋಡಿಗೆ ಬೈಯುತ್ತೇನೆ.

ಲೆಕ್ಕ ಹೀಗೆ. ಹಸಿ ಜೀಗುಜ್ಜೆ 100 ಗ್ರಾಮಿನಲ್ಲಿ ಶರ್ಕರಪಿಷ್ಟ (ಕಾರ್ಬೊಹೈಡ್ರೇಟ್) ಸುಮಾರು 27 ಗ್ರಾಂ, ಬೆಂದ ಬಿಳಿ ಅನ್ನದಲ್ಲಿ 28. ಹತ್ತಿರ ಹತ್ತಿರ ಒಂದೇ. ಹಾಗಾಗಿ 'ಜೀಗುಜ್ಜೆ ತರಕಾರಿ ತಾನೆ' ಎಂದು ಅನ್ನದ ಜೊತೆಗೆ ಪಲ್ಯವಾಗಿ ಬಡಿಸಿದರೆ ಅನ್ನಕ್ಕೆ ಅನ್ನ ನೆಂಚಿಕೊಂಡ ಹಾಗೆ. ನಮ್ಮವರು ಬಹಳ ಮಂದಿ ಮಾಡುವ ತಪ್ಪು ಅದೇ. ಅನ್ನದ ಬದಲಿಗೆ ತಿಂದರೆ ಮಾತ್ರ ಲಾಭ. ಯಾಕೆಂದರೆ ಜೀಗುಜ್ಜೆಯಲ್ಲಿ ನಾರು ಸುಮಾರು 5 ಗ್ರಾಂ, ಅನ್ನದಲ್ಲಿ ಅರ್ಧ ಗ್ರಾಮೂ ಇಲ್ಲ. ಪೊಟ್ಯಾಶಿಯಂ 490 ಮಿಲಿಗ್ರಾಂ, ಅನ್ನದಲ್ಲಿ 35ರ ಆಸುಪಾಸು. ಸಿ ಜೀವಸತ್ವವೂ ಉಂಟು. ನಾರಿನಿಂದ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆ ನಿಧಾನ ಏರುತ್ತದೆ. ಅನ್ನದ ಪರವಾಗಿಯೂ ಒಂದು ಮಾತು ಹೇಳಬೇಕು: ಪ್ರೋಟೀನ್ ಅನ್ನದಲ್ಲೇ ಹೆಚ್ಚು. ಜೀಗುಜ್ಜೆಯಲ್ಲಿ ಒಂದು ಗ್ರಾಮಿನ ಚಿಲ್ಲರೆ ಅಷ್ಟೆ. ಅದಕ್ಕೇ ದ್ವೀಪದವರು ಅದನ್ನು ಮೀನಿನ ಜೊತೆ ತಿನ್ನುತ್ತಿದ್ದದ್ದು. ಜೀಗುಜ್ಜೆ ಉಳಿಸಿಕೊಂಡು ಮೀನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ನಿಮ್ಮವರಿಗೆ: ಮಧ್ಯಾಹ್ನ ಅನ್ನ ಪೂರ್ತಿ ಬಿಟ್ಟು, ಮುಷ್ಟಿಗಾತ್ರದ ಬೆಂದ ಜೀಗುಜ್ಜೆಯೋ ಕೆಸುವಿನ ಗೆಡ್ಡೆಯೋ, ಅಂಗೈಯಗಲದ ಮೀನು, ತಟ್ಟೆಯ ಅರ್ಧ ಸೊಪ್ಪು ತರಕಾರಿ. ಎರಡು ವಾರ ಹೀಗೆ ತಿಂದು ಊಟದ ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ನೋಡಿ, ಅನ್ನ ತಿಂದ ದಿನದ ಅಂಕಿಯ ಪಕ್ಕ ಬರೆದಿಡಿ. ನನ್ನ ಮಾತಿಗಿಂತ ಆ ಪುಸ್ತಕ ಮುಖ್ಯ. ಕರತ್ ಅವರಿಗೂ ಇರಲಿ, ಅರ್ಧ ಹಣ್ಣು. ಬಾಳೆಹಣ್ಣಿನ ಸಕ್ಕರೆ ಸಕ್ಕರೆಯೇ, ಬಣ್ಣ ಕಿತ್ತಳೆಯಾದರೂ. ಮೂತ್ರಪಿಂಡದ ತೊಂದರೆ ಇರುವವರು ಈ ಥ್ರೆಡ್ ಓದುತ್ತಿದ್ದರೆ ಇಷ್ಟು ಪೊಟ್ಯಾಶಿಯಂ ನಿಮಗೆ ಅಲ್ಲ, ವೈದ್ಯರನ್ನು ಕೇಳದೆ ಶುರು ಮಾಡಬೇಡಿ.

ಹಳದಿ ಮ್ವಾಂಗ್ ಬಂತು ಅಂದಿರಲ್ಲ, ಅದು ಭಾಗ್ಯ. ಆ ಗೆಡ್ಡೆಯಲ್ಲೂ ಬಾಳೆಯದೇ ಕತೆ: ಬಿಳಿ ಒಳಮೈಯದಕ್ಕಿಂತ ಹಳದಿ ಒಳಮೈಯದರಲ್ಲಿ ಕ್ಯಾರೊಟಿನ್ ಹೆಚ್ಚು. ಗೆಡ್ಡೆಗಳ ಸಾಲಿನಲ್ಲಿ ಸತುವಿಗೂ ಅದಕ್ಕೆ ಒಳ್ಳೆಯ ಹೆಸರು. ಬಾಯಿ ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳು. ಪತ್ರೊಡೆಗೆ ಹುಣಸೆ ಹಾಕುವವರಿಗೆ ನಾನೇನು ಹೇಳಲಿ! ಇನ್ನು ಮೀನು: ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಸಿಗುವಟೆರಾ ಎಂಬ ವಿಷ ಇರಬಹುದು, ಬೇಯಿಸಿದರೂ ಹೋಗುವುದಿಲ್ಲ. ಯಾವ ಮೀನು ಎಲ್ಲಿಂದ ಹಿಡಿದದ್ದು ತಿನ್ನಬಾರದು ಎಂಬುದನ್ನು ಅಜ್ಜಿಯನ್ನೇ ಕೇಳಿ, ಅದು ಸ್ಥಳೀಯರಿಗೆ ಗೊತ್ತಿರುತ್ತದೆ.

ಕುಸುಮಾ_ಪೊನ್ಪೇ:

ತುಂಬ ಉಪಕಾರ ಅಕ್ಕ. ಪೋಡಿ ವಿಷಯ ಓದಿ ಹೇಳಿದೆ, 'ಆ ಅಕ್ಕನಿಗೆ ಬ್ಲಾಕ್ ಮಾಡು' ಎಂದರು.

ಕೊನೆಗೊಂದು. ನಮ್ಮ ಮಾವನವರಿಗೆ ಬಾಳೆಯ ಹುಚ್ಚು, ತೋಟದಲ್ಲಿ ಹದಿನಾಲ್ಕು ತಳಿ ಇದೆ. ಕರತ್ ಫೋಟೊ ನೋಡಿದ್ದೇ ತಡ, 'ಬರುವಾಗ ಎರಡು ಕಂದು ತಾ, ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಡು, ಯಾರಿಗೂ ಗೊತ್ತಾಗಲ್ಲ' ಎಂದು ಆಜ್ಞೆಯಾಗಿದೆ. ತರಬಹುದಾ?

ಹಡಗಿನ_ಭಟ್ರು:

ತರಬೇಡಿ ತಂಗಿ. ಪರವಾನಗಿ ಇಲ್ಲದೆ ಗಿಡದ ಕಂದು ತರುವುದು ನಮ್ಮ ದೇಶದ ಸಸ್ಯ ಸಂಪರ್ಕನಿಷೇಧ ನಿಯಮಕ್ಕೆ ವಿರುದ್ಧ. ಅದಕ್ಕಿಂತ ದೊಡ್ಡ ಮಾತು, ಕಂದಿನ ಜೊತೆ ಕಣ್ಣಿಗೆ ಕಾಣದ ರೋಗ ಬರುತ್ತದೆ. ತಲೆಗೊಂಚಲು (ಬಂಚಿ ಟಾಪ್) ರೋಗದ ವೈರಸ್ ಹರಡುವುದೇ ಹೀಗೆ ಕಂದಿನಿಂದ, ಆಮೇಲೆ ಗಿಡಹೇನಿನಿಂದ. ಮಾವನವರ ಹದಿನಾಲ್ಕೂ ತಳಿಗೆ ಕುತ್ತು. ಬಾಳೆ ತಳಿಗಳನ್ನು ರೋಗವಿಲ್ಲದಂತೆ ಗಾಜಿನ ನಳಿಕೆಯಲ್ಲಿ ಕಾಪಿಟ್ಟು ದೇಶದೇಶಕ್ಕೆ ಕಳಿಸುವ ಸಂಗ್ರಹ ಬೆಲ್ಜಿಯಂನ ಲ್ಯೂವೆನ್‌ನಲ್ಲಿದೆ, ನಮ್ಮಲ್ಲಿ ಬಾಳೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ ತಿರುಚಿರಾಪಳ್ಳಿಯಲ್ಲಿ. ಮಾವನವರಿಗೆ ಅಷ್ಟು ಆಸೆಯಿದ್ದರೆ ತಿರುಚಿಗೆ ಪತ್ರ ಬರೆಯಲಿ. ಅಲ್ಲಿಯವರೆಗೆ ನೇಂದ್ರ ಬಾಳೆ ಬೆಳೆಯಲಿ, ನಮ್ಮ ಪೈಕಿ ಕ್ಯಾರೊಟಿನ್ ಚೆನ್ನಾಗಿರುವುದು ಅದರಲ್ಲೇ.

ಕುಸುಮಾ_ಪೊನ್ಪೇ:

ಮಾವನವರಿಗೆ ಓದಿ ಹೇಳಿದೆ. ತಲೆಗೊಂಚಲು ಎಂಬ ಶಬ್ದ ಕೇಳಿದ್ದೇ ತಣ್ಣಗಾದರು. ಕಂದಿನ ಬದಲು ಅಂಚೆಚೀಟಿ ಕಳಿಸುತ್ತಿದ್ದೇನೆ, ಇಲ್ಲಿನ ಸರ್ಕಾರ ಬಾಳೆಯ ಚಿತ್ರದ ಚೀಟಿಯನ್ನೇ ಮಾಡಿಸಿದೆ. ಕರತ್ ಈಗ ಈ ರಾಜ್ಯದ ಅಧಿಕೃತ ಬಾಳೆ ಕೂಡ.

ನಮ್ಮವರ ಪುಸ್ತಕದಲ್ಲಿ ಮೊದಲ ಮೂರು ದಿನದ ಅಂಕಿ ಬಿದ್ದಿದೆ, ಎರಡು ವಾರ ಆದ ಮೇಲೆ ಹಾಕುತ್ತೇನೆ. ಮಗಳು ಎಲ್ಲ ಬಾಳೆಹಣ್ಣಿಗೂ 'ಕತ್ತ' ಅನ್ನುತ್ತಿದ್ದಾಳೆ. ನಿನ್ನೆ ಅಂಗಡಿಯ ಹಳದಿಯದನ್ನು ಸುಲಿದು ಕೊಟ್ಟೆ. ಒಳಗೆ ಬಿಳಿ ಕಂಡದ್ದೇ ಸಿಪ್ಪೆಸಮೇತ ನನ್ನ ಕೈಗೇ ವಾಪಸ್ ಇಟ್ಟಳು.